ಗೆಳತಿಯ ಪಾಲಿನ ಎಳ್ಳು-ಬೆಲ್ಲ



ನನಗೆ ಈಗ 72 ವರ್ಷ. ಸಂಕ್ರಾಂತಿ ಬಂದರೆ ನಮ್ಮ ಮನೆ ತುಂಬುತ್ತದೆ. ಮಕ್ಕಳು, ಸೊಸೆಯರು, ಮೊಮ್ಮಕ್ಕಳು ಎಲ್ಲಾ ಸೇರುತ್ತಾರೆ. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಬೀಜ. ಐದನ್ನೂ ಬೆರೆಸಿ ಪೊಟ್ಟಣ ಕಟ್ಟುತ್ತೇವೆ. ಮನೆ ಮನೆಗೆ ಬೀರುತ್ತೇವೆ.

ನನ್ನ ಮೊದಲ ಪೊಟ್ಟಣ ಗೆಳತಿಗೆ. ಅವಳು ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡಳು. ಹಬ್ಬಕ್ಕೆ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ನಾನು ಕರೆದೆ. ಅತ್ತೆ ಬೈದರು. ಆದರೂ ಬಿಡಲಿಲ್ಲ. 40 ವರ್ಷ ಕರೆದೆ. ನಮ್ಮ ಮನೆಗೆ ಏನು ಕೇಡಾಯಿತು? ಏನೂ ಆಗಲಿಲ್ಲ.

ಹೋದ ದೀಪಾವಳಿಯ ಮುಂಚೆ ಅವಳು ತೀರಿಕೊಂಡಳು. ಈ ಸಲ ಪೊಟ್ಟಣ ಕಟ್ಟುವಾಗ ನನ್ನ ಕೈ ನಿಂತಿತು. ಕಣ್ಣಲ್ಲಿ ನೀರು ಬಂತು.

ಮೊಮ್ಮಗಳು ನೋಡಿದಳು. "ಅಜ್ಜಿ, ಹಿಂದಿನ ಬೀದಿ ಅಕ್ಕನ ಗಂಡ ಹೋದ ವರ್ಷ ತೀರಿಕೊಂಡರಲ್ಲ. ಈ ಪೊಟ್ಟಣ ಅವರಿಗೆ ಕೊಡೋಣ ಬಾ" ಅಂದಳು.

ಇಬ್ಬರೂ ಹೋದೆವು. ಆ ಹೆಣ್ಣುಮಗಳು ಬಾಗಿಲಲ್ಲೇ ನಿಂತಳು. ಕೈ ಚಾಚಲು ಹೆದರಿದಳು. ನಾನೇ ಅವಳ ಕೈ ಹಿಡಿದು ಕೊಟ್ಟೆ. ಇಬ್ಬರೂ ಅತ್ತೆವು. ಆಮೇಲೆ ಎಳ್ಳು-ಬೆಲ್ಲ ತಿಂದೆವು.

ಎಳ್ಳು-ಬೆಲ್ಲ ತಿಂದು ಒಳ್ಳೆ ಮಾತಾಡಿ ಅಂತೀವಿ. ಆ ಮಾತು ಎಲ್ಲರಿಗೂ ತಾನೇ?

ನಿಮ್ಮ ಬೀದಿಯಲ್ಲೂ ಹೀಗೆ ಹಬ್ಬದಿಂದ ದೂರ ಉಳಿದವರು ಇದ್ದಾರಾ? ಮುಂದಿನ ಸಂಕ್ರಾಂತಿಗೆ ಅವರ ಮನೆಗೂ ಹೋಗಿ ಬನ್ನಿ.