ಅಂತರಂಗದ ಜಿನಬಿಂಬ
(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)

  

ಗರ್ಭ, ಜನ್ಮ, ದೀಕ್ಷೆ, ಕೇವಲಜ್ಞಾನ, ನಿರ್ವಾಣ ಎಂಬ ಐದು ಕಲ್ಯಾಣಗಳ ವಿಧಿಯಿಂದ ಶಿಲ್ಪಿಯ ಕೈಯಲ್ಲಿ ಶಿಲೆಯಾಗಿದ್ದುದು ಪೂಜ್ಯ ಜಿನಬಿಂಬವಾಗುತ್ತದೆ. ಇಂತಹ ಪುಣ್ಯಪ್ರಸಂಗದಲ್ಲಿ ಪ್ರತಿಯೊಬ್ಬ ಶ್ರಾವಕನೂ ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದುಂಟು. ಭಗವಂತನು ಈ ಬಿಂಬದೊಳಗೆ ಬಂದು ನೆಲಸಿದನೆ?

ಜಿನಾಗಮದ ಉತ್ತರವು ಸ್ಪಷ್ಟವಾಗಿದೆ. ಅಷ್ಟಕರ್ಮಗಳನ್ನು ಕಳೆದುಕೊಂಡ ಸಿದ್ಧಪರಮೇಷ್ಠಿಗಳು ಲೋಕಾಗ್ರದಲ್ಲಿ ನೆಲೆಸಿರುವರು. ಕರೆದರೆ ಬರುವವರೂ ಅಲ್ಲ, ಕಳುಹಿದರೆ ಹೋಗುವವರೂ ಅಲ್ಲ. ಹಾಗಾದರೆ ಪೂಜೆಯ ಆರಂಭದ ಆಹ್ವಾನ, ಸ್ಥಾಪನೆ, ಸನ್ನಿಧೀಕರಣಗಳ ಅರ್ಥವೇನು? ಅಲ್ಲಿ ಸನ್ನಿಧಿಗೆ ಬರಬೇಕಾದುದು ಪೂಜಕನ ಮನಸ್ಸು. ಅದು ಪಡಸಾಲೆಯಲ್ಲಿಯೋ ಅಂಗಡಿಯಲ್ಲಿಯೋ ಉಳಿದುಬಿಟ್ಟರೆ ಕೈ ಮಾತ್ರ ಅಷ್ಟದ್ರವ್ಯಗಳನ್ನು ಅರ್ಪಿಸಿದಂತಾಯಿತು.

ತೀರ್ಥಕ್ಷೇತ್ರಗಳಿಗೂ ಈ ಮಾತು ಸಲ್ಲುತ್ತದೆ. ಇಪ್ಪತ್ತು ತೀರ್ಥಂಕರರು ಮುಕ್ತಿ ಪಡೆದ ಸಮ್ಮೇದಶಿಖರವನ್ನು ಏರಿ ಬಂದವನು ಧನ್ಯನು. ಆದರೆ ಆ ಇಪ್ಪತ್ತು ಮಂದಿಯೂ ಆ ಗಿರಿಯನ್ನು ಬಿಟ್ಟು ಹೋದವರು. ಅಲ್ಲಿ ಉಳಿದಿರುವುದು ಅವರು ನಡೆದ ದಾರಿಯ ನೆನಪು. ಆ ದಾರಿಯು ಯಾತ್ರಿಕನ ಮನೆಯ ಬಾಗಿಲಿನಿಂದಲೂ ಆರಂಭವಾಗಬಲ್ಲುದು.

ಯೋಗೀಂದುದೇವರು ಅಪಭ್ರಂಶ ಭಾಷೆಯಲ್ಲಿ ರಚಿಸಿದ 'ಪರಮಾತ್ಮಪ್ರಕಾಶ'ವು ಪ್ರಭಾಕರಭಟ್ಟನೆಂಬ ಶಿಷ್ಯನಿಗೆ ಇದೇ ವಿಷಯವನ್ನು ಉಪದೇಶಿಸುತ್ತದೆ. ಬೆಳಗಾವಿ ಜಿಲ್ಲೆಯ ಸದಲಗದಲ್ಲಿ ಜನಿಸಿದ ಡಾ. ಆ. ನೇ. ಉಪಾಧ್ಯೆಯವರು 1937ರಲ್ಲಿ ಈ ಗ್ರಂಥವನ್ನು ಸಂಪಾದಿಸಿ ಪ್ರಕಟಿಸಿ ವಿದ್ವಲ್ಲೋಕಕ್ಕೆ ಉಪಕಾರ ಮಾಡಿದರು. ದೇಹವನ್ನೇ ತಾನೆಂದು ತಿಳಿದವನು ಬಹಿರಾತ್ಮನು; ದೇಹದಿಂದ ತಾನು ಭಿನ್ನನೆಂದು ಅರಿತವನು ಅಂತರಾತ್ಮನು; ಕರ್ಮಮಲವನ್ನು ತೊಳೆದವನು ಪರಮಾತ್ಮನು. ಇವರು ಮೂವರು ಬೇರೆ ಬೇರೆ ವ್ಯಕ್ತಿಗಳಲ್ಲ, ಒಂದೇ ಜೀವದ ಮೂರು ಅವಸ್ಥೆಗಳು. ಲೋಕಾಗ್ರದಲ್ಲಿರುವ ಸಿದ್ಧನಿಗೂ ಈ ದೇಹದಲ್ಲಿರುವ ಆತ್ಮನಿಗೂ ಸ್ವಭಾವದಲ್ಲಿ ಭೇದವಿಲ್ಲ, ಭೇದವಿರುವುದು ಆವರಣದಲ್ಲಿ.

ಭಗವಾನ್ ಬಾಹುಬಲಿಯ ಚರಿತೆ ಇದಕ್ಕೆ ಸಾಕ್ಷಿ. ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತರೂ, ಮೈಗೆ ಬಳ್ಳಿ ಹಬ್ಬಿದರೂ, ಅವನಿಗೆ ಕೇವಲಜ್ಞಾನವಾಗಲಿಲ್ಲ. ತನ್ನಿಂದ ಅಣ್ಣನಿಗೆ ನೋವಾಯಿತೆಂಬ ಅಳುಕು ಒಳಗೆ ಉಳಿದಿತ್ತೆಂದು ಜಿನಸೇನಾಚಾರ್ಯರು ಹೇಳುತ್ತಾರೆ. ಭರತನು ಬಂದು ಪೂಜಿಸಿದನು, ಅಳುಕು ಅಳಿಯಿತು, ಕೇವಲಜ್ಞಾನವು ಉದಿಸಿತು. ಬಾಹುಬಲಿಯು ಅದಕ್ಕಾಗಿ ಯಾವ ತೀರ್ಥಕ್ಕೂ ಹೋಗಲಿಲ್ಲ, ನಿಂತ ನೆಲದಿಂದ ಒಂದು ಹೆಜ್ಜೆಯನ್ನೂ ಕದಲಿಸಲಿಲ್ಲ. ಇದನ್ನು ಕೇಳಿದ ಮೇಲೂ ಗದ್ದೆಯ ಬದುವಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಬಸದಿಯ ಎರಡು ಬದಿಗಳಲ್ಲಿ ನಿಂತು ಮಹಾಮಸ್ತಕಾಭಿಷೇಕವನ್ನು ನೋಡಿದರೆ, ನೋಡಿದ ಫಲವೇನು?

ಹಾಗೆಂದು ಬಸದಿಯು ಅನಾವಶ್ಯಕವೆಂದು ಯಾರೂ ತಿಳಿಯಬಾರದು. ವೀತರಾಗನಿಗೆ ಪೂಜೆಯಿಂದ ಪ್ರಯೋಜನವಿಲ್ಲ, ನಿಂದೆಯಿಂದ ದ್ವೇಷವಿಲ್ಲ. ಆದರೂ ಆತನ ಗುಣಸ್ಮರಣೆಯು ಸ್ಮರಿಸುವವನ ಚಿತ್ತವನ್ನು ಶುದ್ಧಗೊಳಿಸುತ್ತದೆಂಬುದು ಸಮಂತಭದ್ರಾಚಾರ್ಯರ ಅಭಿಪ್ರಾಯ. ಅಷ್ಟಮಂಗಲ ದ್ರವ್ಯಗಳಲ್ಲಿ ದರ್ಪಣವೂ ಒಂದು. ಮುಖದ ಮೇಲಿನ ಕಲೆ ಕನ್ನಡಿಯಲ್ಲಿ ಕಾಣುತ್ತದೆ. ಆದರೆ ಕನ್ನಡಿಯನ್ನು ಒರೆಸಿದರೆ ಅದು ಹೋಗದು, ಮುಖವನ್ನೇ ತೊಳೆಯಬೇಕು. ಶಾಂತವಾದ ಜಿನಬಿಂಬದ ಎದುರು ನಿಂತವನಿಗೆ ತನ್ನ ಕ್ರೋಧ, ಮಾನ, ಮಾಯೆ, ಲೋಭಗಳು ಕಾಣಬೇಕು. ಅದಕ್ಕಾಗಿಯೇ ಬಸದಿ.

ಹಾಗೆ ತೊಳೆದುಕೊಂಡುದು ನಿಜವೋ ಅಲ್ಲವೋ ಎಂಬುದು ಬಸದಿಯಿಂದ ಹೊರಬಂದ ಮೇಲೆ ತಿಳಿಯುತ್ತದೆ. ಸಮಾಜದಲ್ಲಿ ಅನೇಕರ ಜೀವನೋಪಾಯವು ವ್ಯಾಪಾರ. ತತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಕೊಳ್ಳುವಾಗ ಹೆಚ್ಚಾಗಿ, ಕೊಡುವಾಗ ಕಡಿಮೆಯಾಗಿ ಅಳೆಯುವುದೂ, ಒಳ್ಳೆಯ ಮಾಲಿನಲ್ಲಿ ಕೀಳು ಮಾಲನ್ನು ಬೆರೆಸುವುದೂ ಅವುಗಳಲ್ಲಿ ಸೇರಿವೆ. ಆಚಾರ್ಯರು ಮೋಕ್ಷಮಾರ್ಗವನ್ನು ಬೋಧಿಸುವಾಗ ತಕ್ಕಡಿಯನ್ನು ಮರೆಯಲಿಲ್ಲ. ಪ್ರತಿಷ್ಠೆಯಲ್ಲಿ ಇಂದ್ರನ ಸ್ಥಾನವನ್ನು ಸವಾಲಿನಲ್ಲಿ ಪಡೆಯಬಹುದು; ಅಂತರಾತ್ಮನ ಸ್ಥಾನಕ್ಕೆ ಸವಾಲು ಇಲ್ಲ. ಅಕ್ಷರ ಬಾರದ ಕೂಲಿಯವನೊಬ್ಬನು ಚೀಟಿಯನ್ನು ಓದಿಸಿಕೊಳ್ಳದೆ ನಂಬಿಕೆಯಿಂದ ಹಣ ಕೊಟ್ಟು ಹೋಗುವಾಗ, ಗಲ್ಲೆಯ ಹಿಂದೆ ಕುಳಿತವನ ಕೈ ತಪ್ಪದಿದ್ದರೆ, ಅಲ್ಲಿ ಜಿನಧರ್ಮವು ನೆಲಸಿತೆಂದು ತಿಳಿಯಬೇಕು.

ಬಿಂಬದ ಪ್ರತಿಷ್ಠೆಯು ಕೆಲವು ದಿನಗಳಲ್ಲಿ ಮುಗಿಯುತ್ತದೆ, ಚಪ್ಪರವನ್ನು ಬಿಚ್ಚುತ್ತಾರೆ, ಬಂದ ಯಾತ್ರಿಕರು ಊರಿಗೆ ಮರಳುತ್ತಾರೆ. ಅಂತರಂಗದ ಪ್ರತಿಷ್ಠೆಯಾದರೋ ಪ್ರತಿದಿನವೂ ನಡೆಯಬೇಕಾದುದು. ಅದಕ್ಕೆ ಬೇಕಾದ ಬಲವು ಈ ನೂತನ ಜಿನಾಲಯದ ದರ್ಶನದಿಂದ ಸರ್ವರಿಗೂ ಒದಗಲಿ. ಮಾತು ಬಿಟ್ಟವರು ಮಾತನಾಡಲಿ, ಸರ್ವಜೀವಿಗಳಿಗೂ ಕ್ಷೇಮವಾಗಲಿ.

ಜೈನಂ ಜಯತು ಶಾಸನಂ.