ದೊಡ್ಡ ಯಾತ್ರೆ

ಯಾತ್ರೆಯೆಂದೊಡನೆ ನಾವು ಒಂದು ಕ್ಷೇತ್ರವನ್ನು ನೆನೆಯುತ್ತೇವೆ. ಕಥೋಲಿಕ ಮತವಾದರೋ ಬಾಳೆಲ್ಲವನ್ನೂ ಯಾತ್ರೆಯೆಂದೇ ಎಣಿಸುತ್ತದೆ. 1792ರಲ್ಲಿ ಫ್ರಾನ್ಸಿನಿಂದ ಹೊರಟ ಆಬೆ ದುಬೋಯ್ ಪಾದ್ರಿಗಳು ಅಂಥ ಯಾತ್ರಿಕರು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಅಲ್ಲಿಗೆ ಬಂದು, ಚದುರಿದ್ದ ಕ್ರೈಸ್ತರನ್ನು ಕೂಡಿಸಿದರು. ಉಡಿಗೆ, ಊಟ, ನಡೆಗಳಲ್ಲಿ ಈ ನಾಡಿನವರಂತೆಯೇ ಆದರು. ಮೈಸೂರು ಸೀಮೆಯಲ್ಲಿ ಸಿಡುಬಿಗೆ ದೇವಿ ಹಾಕಿಸುವ ಕೆಲಸಕ್ಕೂ ನಿಂತರು. ಪೂಜೆಗಿಂತ ಇದು ಕಿರಿದೆಂದು ನಮಗಂತೂ ತೋರದು.

ಆದರೆ ಮೂವತ್ತು ವರ್ಷಗಳ ಕೊನೆಗೆ ಅವರು ಮುಚ್ಚುಮರೆಯಿಲ್ಲದೆ ಬರೆದುದೇನು? ಹಿಂದೂಗಳನ್ನು ಕ್ರೈಸ್ತರನ್ನಾಗಿಸುವುದು ಆಗದ ಮಾತೆಂದು! ಆ ಪತ್ರಗಳು 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದುವು. ಅದೇ ವರ್ಷ ಅವರು ಈ ದೇಶವನ್ನು ಬಿಟ್ಟರು. ಸೋತರೆನ್ನಲು ನಮ್ಮ ಮನಸ್ಸು ಒಪ್ಪದು. ಮುಂದೆ ಪ್ಯಾರಿಸ್ಸಿನಲ್ಲಿ ತಮ್ಮ ಮಿಷನ್ನಿನ ಗುರುಮಠಕ್ಕೇ ಮುಖ್ಯಸ್ಥರಾದರು. ಅಲ್ಲಿಂದ ತರುಣ ಪಾದ್ರಿಗಳು ಪೂರ್ವದೇಶಗಳಿಗೆ ಹೊರಡುತ್ತಲೇ ಇದ್ದರು.