ಹೊಸ ನರ್ಸಿಗೆ ತನ್ನದೇ ವಿಮೆ ಬೇಕೇ?

ಸವಣೂರಿನಂಥ ಊರಿನಿಂದ ಪುತ್ತೂರಿಗೋ ಮಂಗಳೂರಿಗೋ ಹೋಗಿ ನರ್ಸಿಂಗ್ ಕಲಿತ ಹುಡುಗಿಗೆ ಮೊದಲ ನೇಮಕಾತಿ ಪತ್ರ ಬಂದಾಗ ಮನೆಯವರು ವಿಚಾರಿಸುವುದು ಸಂಬಳ ಎಷ್ಟು, ಹಾಸ್ಟೆಲ್ ಇದೆಯೇ, ರಾತ್ರಿ ಪಾಳಿ ಎಷ್ಟು ದಿನ ಎಂದು. ಕೈತಪ್ಪಿನಿಂದ ರೋಗಿಗೆ ಹಾನಿಯಾದರೆ ಪರಿಹಾರ ತೆರುವವರು ಯಾರು ಎಂದು ಕೇಳುವವರು ಅಪರೂಪ. ನಿಮ್ಮ ಮನೆಯಲ್ಲಿ ಕೇಳಿದ್ದಾರೆಯೇ?

1993ರ ಡಿಸೆಂಬರಿನಲ್ಲಿ ದೆಹಲಿಯ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆಗೆ ಟೈಫಾಯ್ಡ್ ಬಂದ ಮಗುವೊಂದನ್ನು ಸೇರಿಸಲಾಗಿತ್ತು. ಕೊಡಬೇಕಾಗಿದ್ದ ಔಷಧದ ಬದಲು ಅಲ್ಲಿನ ನರ್ಸು ಲಾರಿಯಾಗೊ ಎಂಬ ಮಲೇರಿಯಾ ಔಷಧವನ್ನು ರಕ್ತನಾಳಕ್ಕೆ ಚುಚ್ಚಿದರು. ಇದು ವೇಗವಾಗಿ ರಕ್ತಕ್ಕೆ ಸೇರಿದರೆ ಹೃದಯದ ಬಡಿತವನ್ನೇ ನಿಲ್ಲಿಸಬಲ್ಲದು, ಆದದ್ದೂ ಅದೇ. ಮಗು ಉಳಿಯಿತು, ಮಿದುಳು ಉಳಿಯಲಿಲ್ಲ. 1998ರಲ್ಲಿ ಸುಪ್ರೀಂ ಕೋರ್ಟು ಮಗುವಿಗೆ 12.5 ಲಕ್ಷ, ತಂದೆತಾಯಿಗೆ 5 ಲಕ್ಷ ರೂಪಾಯಿ ಪರಿಹಾರವನ್ನು ಎತ್ತಿಹಿಡಿಯಿತು. ನೇಮಿಸಿಕೊಂಡ ಆಸ್ಪತ್ರೆಯೇ ಹೊಣೆ ಎಂಬುದು ಆ ತೀರ್ಪಿನ ತಿರುಳು.

ಹಾಗಾದರೆ ನರ್ಸು ನಿಶ್ಚಿಂತೆಯಿಂದ ಇರಬಹುದೇ? ಇಲ್ಲ. ಆಸ್ಪತ್ರೆ ಹೊಣೆಯಾದ ಮಾತ್ರಕ್ಕೆ ನರ್ಸು ಬಿಡುಗಡೆಯಾಗುವುದಿಲ್ಲ. ದೂರಿನಲ್ಲಿ ಅವಳನ್ನೂ ಎದುರುದಾರಳಾಗಿ ಸೇರಿಸಬಹುದು. 'ನಾವು ಹೇಳಿದ್ದು ಒಂದು, ಇವಳು ಮಾಡಿದ್ದು ಇನ್ನೊಂದು' ಎಂದು ಆಡಳಿತವು ಹೇಳಿದ ದಿನ ಅವಳಿಗೆ ಬೇರೆ ವಕೀಲರೇ ಬೇಕಾಗುತ್ತದೆ.

ಇನ್ನೊಂದು ತೊಡಕು ಹೆಚ್ಚಿನವರ ಗಮನಕ್ಕೆ ಬಾರದು. ನಮ್ಮಲ್ಲಿ ವೃತ್ತಿ ಹೊಣೆಯ ವಿಮೆ ಸಾಮಾನ್ಯವಾಗಿ ತಪ್ಪು ನಡೆದ ದಿನವನ್ನಷ್ಟೇ ನೋಡುವುದಿಲ್ಲ. ಕ್ಲೇಮು ಬಂದ ದಿನ ಪಾಲಿಸಿ ಜೀವಂತವಿರಬೇಕು. ಗ್ರಾಹಕರ ಕಾಯಿದೆಯಲ್ಲಿ ದೂರು ಕೊಡಲು ಎರಡು ವರ್ಷ ಅವಕಾಶವಿದೆ. ಅಷ್ಟರಲ್ಲಿ ನಿಮ್ಮ ಹುಡುಗಿ ಕೆಲಸ ಬಿಟ್ಟು ಗಲ್ಫಿಗೆ ಹೋಗಿರಬಹುದು. ಹಳೆಯ ಆಸ್ಪತ್ರೆಯ ಪಾಲಿಸಿ ಬಿಟ್ಟುಹೋದ ಸಿಬ್ಬಂದಿಗೂ ಅನ್ವಯಿಸುತ್ತದೆಯೇ ಎಂಬುದನ್ನು ಸೇರುವ ಮೊದಲೇ ಬರಹದಲ್ಲಿ ಕೇಳಬೇಕು.

ಜೈಲು ಶಿಕ್ಷೆಗೆ ಮಾತ್ರ ಯಾವ ವಿಮೆಯೂ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಂತೆ, ಚಿಕಿತ್ಸೆಯ ವೇಳೆ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ನೋಂದಾಯಿತ ವೈದ್ಯರಿಗೆ ಗರಿಷ್ಠ ಎರಡು ವರ್ಷ. ಆ ರಿಯಾಯಿತಿಯ ವ್ಯಾಖ್ಯೆಯೊಳಗೆ ನರ್ಸು ಬರುವುದಿಲ್ಲ. ಅವಳಿಗೆ ಐದು ವರ್ಷದವರೆಗೂ ಆಗಬಹುದು. ಇದು ನ್ಯಾಯವೆಂದು ನನಗೆ ಅನಿಸುವುದಿಲ್ಲ.

ಬ್ರಿಟನ್ನಿನಲ್ಲಿ 2014ರಿಂದ ನರ್ಸಿನ ನೋಂದಣಿಗೆ ಇಂಥ ವಿಮೆಯ ರಕ್ಷಣೆ ಕಡ್ಡಾಯ. ಆದರೆ ಉದ್ಯೋಗದಾತರು ಕೊಡುವ ರಕ್ಷಣೆಯೂ ನಡೆಯುತ್ತದೆ. ನನ್ನ ಅಭಿಪ್ರಾಯವೂ ಅದೇ: ಆಸ್ಪತ್ರೆಯಲ್ಲಿ ದುಡಿಯುವ ಹುಡುಗಿಯ ಮೊದಲ ಸಂಬಳದಿಂದ ಕಂತು ಕಟ್ಟಿಸಬಾರದು, ಆಸ್ಪತ್ರೆಯೇ ಕಟ್ಟಲಿ, ಪಾಲಿಸಿಯಲ್ಲಿ ನರ್ಸುಗಳೂ ಸೇರಿದ್ದಾರೆಂದು ನೇಮಕಾತಿ ಪತ್ರದಲ್ಲಿ ಬರೆದುಕೊಡಲಿ. ಕೊಡಲೊಪ್ಪದಿದ್ದರೆ ಮಾತ್ರ ಸ್ವಂತ ಪಾಲಿಸಿ.

ಮನೆಮನೆಗೆ ಹೋಗಿ ಆರೈಕೆ ಮಾಡುವವರ ಮಾತು ಬೇರೆ. ಮಕ್ಕಳೆಲ್ಲ ಪರವೂರಿನಲ್ಲಿದ್ದು, ಅಡಿಕೆ ತೋಟದ ನಡುವಿನ ಮನೆಯಲ್ಲಿ ಮಲಗಿದಲ್ಲೇ ಇರುವ ಅಜ್ಜನಿಗೆ ಇನ್ಸುಲಿನ್ ಚುಚ್ಚುವವಳ ಹಿಂದೆ ಆಸ್ಪತ್ರೆಯೂ ಇಲ್ಲ, ಪಕ್ಕದಲ್ಲಿ ಡಾಕ್ಟರೂ ಇಲ್ಲ. ಅವಳಿಗೆ ಸ್ವಂತ ವಿಮೆ ಬೇಕೇ ಬೇಕು. ಜತೆಗೆ ಒಂದು ನೋಟ್ ಪುಸ್ತಕ: ಡಾಕ್ಟರು ಫೋನಿನಲ್ಲಿ ಹೇಳಿದ ಔಷಧ, ಪ್ರಮಾಣ, ಹೇಳಿದ ಹೊತ್ತು, ಎಲ್ಲವನ್ನೂ ಅಂದೇ ಬರೆದಿಡಲು.